‘ಸ್ಪೆಷಲಿಸ್ಟ್ ಬರಂಗಿಲ್ರೀ’ ಎಂಬ ಸಬೂಬು

ಸೇಡಂ, ಚಿತ್ತಾಪುರ, ಚಿಂಚೋಳಿಯ ಯಾವ ಸಭೆಯಲ್ಲಿ ಆಸ್ಪತ್ರೆಯ ಮಾತು ಎದ್ದರೂ ಒಂದು ವಾಕ್ಯ ಕಿವಿಗೆ ಬಿದ್ದೇ ಬೀಳುತ್ತದೆ: ‘ಬಿಲ್ಡಿಂಗ್ ಅದ, ಮಷಿನ್ ಅದಾವ, ಸ್ಪೆಷಲಿಸ್ಟ್ ಡಾಕ್ಟರೇ ಬರಂಗಿಲ್ರೀ. ಏನ್ ಮಾಡೋದು?’ ಜನಪ್ರತಿನಿಧಿ ಹೇಳುತ್ತಾರೆ, ಅಧಿಕಾರಿ ತಲೆಯಾಡಿಸುತ್ತಾರೆ, ವರದಿಗಾರ ಬರೆದುಕೊಳ್ಳುತ್ತಾನೆ. ಜನ ಗಾಡಿ ಗೊತ್ತು ಮಾಡಿಕೊಂಡು ಕಲಬುರಗಿಗೋ ತಾಂಡೂರಿಗೋ ಹೈದರಾಬಾದಿಗೋ ಹೊರಡುತ್ತಾರೆ. ಈ ವಾಕ್ಯದಲ್ಲಿ ಸರ್ಕಾರದ ತಪ್ಪಿಲ್ಲ, ಕಾಲೇಜಿನ ತಪ್ಪಿಲ್ಲ, ಇಲಾಖೆಯ ತಪ್ಪಿಲ್ಲ. ತಪ್ಪೆಲ್ಲ ಪೇಟೆಯಲ್ಲೇ ಇರಲು ಬಯಸುವ ಯಾವನೋ ಹೆಸರಿಲ್ಲದ ತರುಣ ವೈದ್ಯನದು. ಇಷ್ಟು ಅನುಕೂಲದ ವಾಕ್ಯವನ್ನು ಯಾರು ತಾನೆ ಬಿಟ್ಟುಕೊಟ್ಟಾರು?

ಅದು ಸುಳ್ಳು. ತಜ್ಞ ವೈದ್ಯರು ಎಲ್ಲಿಂದಲೋ ಬರುವವರಲ್ಲ, ತಯಾರಾಗುವವರು. ಎಂಬಿಬಿಎಸ್ ಮುಗಿಸಿದ ಹುಡುಗ ಅಥವಾ ಹುಡುಗಿ ಮೂರು ವರ್ಷ ಪಿಜಿ ಮಾಡಿದ ಮೇಲೆ ಹೆರಿಗೆ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ ಆಗುತ್ತಾರೆ. ಆ ಮೂರು ವರ್ಷ ಅವರು ಎಲ್ಲಿರಬೇಕು, ಯಾರ ಕೈಕೆಳಗೆ ಕಲಿಯಬೇಕು, ಯಾವ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಸರ್ಕಾರ, ವಿಶ್ವವಿದ್ಯಾಲಯ ಮತ್ತು ರಾಷ್ಟ್ರೀಯ ವೈದ್ಯಕೀಯ ಆಯೋಗ. ಈ ಮೂವರೂ ಸೇರಿ ಒಂದು ದಿನವೂ ಸೇಡಂ ಕಡೆ ಮುಖ ಮಾಡದಂತೆ ಆ ಮೂರು ವರ್ಷಗಳನ್ನು ಕಟ್ಟಿಟ್ಟು, ಆಮೇಲೆ ‘ಬರಂಗಿಲ್ಲ’ ಎಂದು ಗೋಳಾಡುತ್ತಾರೆ. ತೊಗರಿ ಬಿತ್ತದೆ ರಾಶಿಗೆ ಕಣ ಸಾರಿಸಿ ಕೂತವರನ್ನು ಊರವರು ಏನೆನ್ನುತ್ತಾರೋ, ಇವರನ್ನೂ ಅದನ್ನೇ ಅನ್ನಬೇಕು.

ಕಲಬುರಗಿ ನಗರವೊಂದರಲ್ಲೇ ನಾಲ್ಕು ಮೆಡಿಕಲ್ ಕಾಲೇಜುಗಳಿವೆ. 1963ರ ಮಹಾದೇವಪ್ಪ ರಾಂಪೂರೆ ಕಾಲೇಜು, ಖಾಜಾ ಬಂದಾನವಾಜ್ ಸಂಸ್ಥೆಯ ಕಾಲೇಜು, ಸರ್ಕಾರದ ಜಿಮ್ಸ್, ಕಾರ್ಮಿಕರ ವಿಮಾ ನಿಗಮದ ಇಎಸ್‌ಐಸಿ ಕಾಲೇಜು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡವೂ ತೆರೆಯಿತು. ಹಾಸಿಗೆಗಳ ಎಣಿಕೆಯಲ್ಲೂ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನು ನೆನೆಯುವಷ್ಟು ನಮ್ಮವರು ಭಾವುಕರು. ಶಹಾಬಾದ್ ಅಲ್ಲಿಂದ ಅರ್ಧ-ಮುಕ್ಕಾಲು ಗಂಟೆಯ ದಾರಿ. ವಾಡಿ ಜಂಕ್ಷನ್ನಿಗೆ ಹಗಲು ರಾತ್ರಿ ರೈಲುಗಳಿವೆ. ಚಿತ್ತಾಪುರ, ಸೇಡಂ ಸ್ವಲ್ಪ ಮುಂದೆ. ಚಿಂಚೋಳಿ ಮಾತ್ರ ದೂರ, ತೆಲಂಗಾಣದ ಗಡಿಗೆ ಅಂಟಿಕೊಂಡಿದೆ. ಇದು ಅಂಡಮಾನ್ ಅಲ್ಲ, ಲಡಾಖ್ ಅಲ್ಲ. ನಾಲ್ಕು ಕಾಲೇಜುಗಳ ನೆರಳಿನಲ್ಲಿರುವ ಐದು ಊರುಗಳು. ಇಲ್ಲಿ ತಜ್ಞರ ಹುದ್ದೆ ಖಾಲಿ ಬೀಳುವುದನ್ನು ವಿಧಿಬರಹ ಎಂದು ಒಪ್ಪಿಕೊಂಡರೆ ದೇಶದ ಇನ್ಯಾವ ಊರಿಗೆ ವೈದ್ಯರು ಬಂದಾರು?

ಆ ಕಾಲೇಜುಗಳ ವಾರ್ಡುಗಳಲ್ಲಿ ಮಲಗಿರುವವರು ಯಾರು ಎಂದೂ ಕೇಳಬೇಕು. ಚಿಂಚೋಳಿಯ ತಾಂಡಾದ ಬಾಣಂತಿ, ತೊಗರಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡ ಸೇಡಂನ ಕೂಲಿಯವಳು, ಕಲ್ಲುಗಣಿಯ ದೂಳು ಕುಡಿದು ಉಸಿರು ಸಿಗದ ಶಹಾಬಾದಿನ ಕಾರ್ಮಿಕ. ಪಿಜಿ ವಿದ್ಯಾರ್ಥಿ ಕಲಿಯುವುದು ಇವರ ಮೈ ನೋಡಿ. ಪರೀಕ್ಷೆಯ ದಿನ ‘ಕೇಸ್’ ಎಂದು ಮುಂದೆ ತಂದು ಮಲಗಿಸುವುದೂ ಇವರನ್ನೇ. ರೋಗಿ ಐವತ್ತು, ಎಂಬತ್ತು ಕಿಲೋಮೀಟರ್ ಹೊಯ್ದಾಡುತ್ತ ಡಾಕ್ಟರ ಬಳಿ ಬರಬೇಕು. ಡಾಕ್ಟರು ಕಲಿಯುವುದಕ್ಕಾದರೂ ರೋಗಿಯ ಊರಿಗೆ ಹೋಗಬಾರದು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ 2024ರ ಫೆಬ್ರವರಿಯಲ್ಲಿ ಘೋಷಿಸಿತು, ಒಳ್ಳೆಯದೇ ಆಯಿತು. ಆದರೆ ಕಚ್ಚಿದ ಮೊದಲ ಗಂಟೆಯ ಚಿಕಿತ್ಸೆಯನ್ನು ನಾಳೆಯ ಮೆಡಿಸಿನ್ ತಜ್ಞ ಎಲ್ಲಿ ಕಲಿಯಬೇಕು? ಆರು ಗಂಟೆ ತಡವಾಗಿ ರೋಗಿ ಬಂದು ಸೇರುವ ಕಲಬುರಗಿಯ ಐಸಿಯುನಲ್ಲೋ, ಮೊದಲು ಕಾಲಿಡುವ ತಾಲ್ಲೂಕು ಆಸ್ಪತ್ರೆಯಲ್ಲೋ?

ನಿಯಮ ಅಡ್ಡಿ ಬರುತ್ತದೆ ಎನ್ನುವವರು ನಿಯಮವನ್ನು ಓದಲಿ. ಪಿಜಿ ವಿದ್ಯಾರ್ಥಿಗಳು ತಮ್ಮ ಕೋರ್ಸಿನ ನಡುವೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು ಎಂಬ ‘ಡಿಸ್ಟ್ರಿಕ್ಟ್ ರೆಸಿಡೆನ್ಸಿ’ ಕಾರ್ಯಕ್ರಮ 2020ರಲ್ಲೇ ನಿಯಮವಾಯಿತು. ಆ ಆಸ್ಪತ್ರೆಗೆ 50 ಹಾಸಿಗೆ ಇದ್ದರೂ ಸಾಕು ಎಂದು 2023ರ ನಿಯಮಾವಳಿ ಸಡಿಲಿಸಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಅಂದರೆ ಬಾಗಿಲು ತೆರೆದಿದೆ. ಕಲಬುರಗಿಯಲ್ಲಂತೂ ಜಿಲ್ಲಾ ಆಸ್ಪತ್ರೆಯೇ ಜಿಮ್ಸ್‌ನ ಬೋಧನಾ ಆಸ್ಪತ್ರೆಯಾಗಿ ಮಾರ್ಪಟ್ಟಿರುವುದರಿಂದ, ಜಿಲ್ಲಾ ಮಟ್ಟದ ಅನುಭವ ಎನ್ನುವುದಕ್ಕೆ ಅರ್ಥ ಬರಬೇಕಾದರೆ ಪಿಜಿಗಳು ಹೋಗಬೇಕಾದದ್ದು ತಾಲ್ಲೂಕಿಗೇ.

ಇಲ್ಲೊಂದು ತೊಡಕಿದೆ. ಆಯಾ ವಿಷಯದ ತಜ್ಞರು ಇರುವ ಆಸ್ಪತ್ರೆಗೆ ಮಾತ್ರ ಪಿಜಿಗಳನ್ನು ಕಳಿಸಬಹುದು. ತಜ್ಞರಿಲ್ಲ, ಆದ್ದರಿಂದ ಕಲಿಯುವವರಿಲ್ಲ. ಕಲಿಯುವವರು ಬಂದಿಲ್ಲ, ಆದ್ದರಿಂದ ಆ ಊರನ್ನು ಬಲ್ಲ ತಜ್ಞರು ಹುಟ್ಟುವುದಿಲ್ಲ. ಈ ಸುತ್ತನ್ನು ಮುರಿಯಲು ಸರ್ಕಾರ ಏನು ಮಾಡಬಹುದಿತ್ತು? ಕಾಲೇಜಿನ ಒಬ್ಬ ಸಹ ಪ್ರಾಧ್ಯಾಪಕ, ಒಬ್ಬ ಸೀನಿಯರ್ ರೆಸಿಡೆಂಟ್, ಇಬ್ಬರು ಪಿಜಿಗಳು ಸೇರಿ ಒಂದು ಘಟಕವಾಗಿ ಸರದಿಯ ಮೇಲೆ ತಾಲ್ಲೂಕಿನಲ್ಲಿ ಇರುವಂತೆ ಮಾಡಬಹುದಿತ್ತು. ಕಾಲೇಜಿನಲ್ಲಿ ಯೂನಿಟ್ ವ್ಯವಸ್ಥೆ ಈಗಾಗಲೇ ಇದೆ; ಅದರಲ್ಲಿ ಒಂದು ಯೂನಿಟ್ಟಿನ ವಿಳಾಸ ಸೇಡಂ ಆಗಬಾರದೆಂದು ಯಾವ ಶಾಸ್ತ್ರ ಹೇಳಿದೆ? ಆದರೆ ಪ್ರಾಧ್ಯಾಪಕರನ್ನು ನಗರದಿಂದ ಕದಲಿಸುವುದು ಯಾರಿಗೂ ಬೇಡದ ಉಸಾಬರಿ. ಮೂರು ತಿಂಗಳ ಜಿಲ್ಲಾ ಸೇವೆ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಳ್ಳಬೇಕಾದ ಒಂದು ಕಂತಾಗಿ ಉಳಿದರೆ ಎಲ್ಲರಿಗೂ ಸುಖ.

ಬಾಂಡ್ ಇದೆಯಲ್ಲ ಎನ್ನುತ್ತಾರೆ. ಇದೆ. ವೈದ್ಯಕೀಯ ಕೋರ್ಸ್ ಮುಗಿಸಿದವರ ಕಡ್ಡಾಯ ಸೇವೆಗೆಂದು ಕರ್ನಾಟಕ 2012ರಲ್ಲೇ ಕಾಯ್ದೆ ಮಾಡಿ, 2015ರಲ್ಲಿ ಜಾರಿಗೆ ತಂದಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದು ವರ್ಷ ಸರ್ಕಾರ ಹೇಳಿದ ಕಡೆ ದುಡಿಯಬೇಕು, ತಪ್ಪಿದರೆ ಲಕ್ಷಗಟ್ಟಲೆ ದಂಡ. ಆ ಸೇವೆ ಬರುವುದು ಯಾವಾಗ? ಕಲಿಕೆ ಎಲ್ಲ ಮುಗಿದ ಮೇಲೆ, ಗುರು ಜೊತೆಗಿಲ್ಲದಾಗ, ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ತಲೆಯ ಮೇಲಿರುವಾಗ. ಕಾಣದ ಊರಿನಲ್ಲಿ ಒಂಟಿಯಾಗಿ ಒಂದು ವರ್ಷ. ಇದನ್ನು ತರಬೇತಿ ಎನ್ನುವವರಿಲ್ಲ, ‘ಬಾಂಡ್ ಮುಗಿಸೋದು’ ಎನ್ನುತ್ತಾರೆ. ಹೀಗೆ ಸೇಡಂ ಎಂದರೆ ಶಿಕ್ಷೆ ಎಂದು ನಾವೇ ಕಾಯ್ದೆ ಬರೆದು ಕಲಿಸಿಕೊಟ್ಟೆವು. ಈಗ ಅವರು ಶಿಕ್ಷೆ ತಪ್ಪಿಸಿಕೊಳ್ಳಲು ನೋಡಿದರೆ ಸೇವಾ ಮನೋಭಾವ ಇಲ್ಲವೆಂದು ಭಾಷಣ ಬಿಗಿಯುತ್ತೇವೆ. ತಮಾಷೆಯೆಂದರೆ, ಖಾಲಿ ಹುದ್ದೆಗಳಿಗಿಂತ ಹೊರಬರುವ ವೈದ್ಯರೇ ಹೆಚ್ಚಾದರೆಂದು 2023ರಲ್ಲಿ ಆ ಕಾಯ್ದೆಯನ್ನೇ ಸಡಿಲಿಸಲು ತಿದ್ದುಪಡಿ ತರಬೇಕಾಯಿತು. ಒಂದು ಬಾಯಲ್ಲಿ ಡಾಕ್ಟರು ಇಲ್ಲ, ಇನ್ನೊಂದು ಬಾಯಲ್ಲಿ ಡಾಕ್ಟರು ಜಾಸ್ತಿ. ಎರಡೂ ನಿಜ: ಎಂಬಿಬಿಎಸ್ ಮುಗಿಸಿದವರು ಸಾಲುಗಟ್ಟಿದ್ದಾರೆ, ಸಿಜೇರಿಯನ್ ಮಾಡುವ ಕೈ, ಅರಿವಳಿಕೆ ಕೊಡುವ ಕೈ ಇಲ್ಲ. ಆ ಕೈಗಳನ್ನು ಪಳಗಿಸುವ ಕೆಲಸವೇ ಪಿಜಿ ತರಬೇತಿ. ಅದನ್ನು ಯಾರೂ ತಾಲ್ಲೂಕಿನ ಕಣ್ಣಿನಿಂದ ನೋಡಲಿಲ್ಲ.

ಇದು ನಮ್ಮ ಜಿಲ್ಲೆಯ ಗೋಳು ಮಾತ್ರವಲ್ಲ. ಕೇಂದ್ರ ಸರ್ಕಾರದ್ದೇ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರ ಪೈಕಿ ಶೇ 79.5ರಷ್ಟು ಕೊರತೆ. ಶಸ್ತ್ರವೈದ್ಯರದು ಶೇ 83.2. ಐದರಲ್ಲಿ ನಾಲ್ಕು ಕುರ್ಚಿ ಖಾಲಿ ಇರುವ ವ್ಯವಸ್ಥೆಯಲ್ಲಿ ದೋಷ ಕುರ್ಚಿಗೆ ಬಾರದ ಮನುಷ್ಯನದೋ, ಮನುಷ್ಯನನ್ನು ತಯಾರು ಮಾಡುವ ಕಾರ್ಖಾನೆಯದೋ? 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಮತ್ತೆ 5,000 ಪಿಜಿ ಸೀಟುಗಳಿಗೆ ಒಪ್ಪಿಗೆ ಕೊಟ್ಟಿತು. ಚಪ್ಪಾಳೆ. ಆ ಸೀಟುಗಳಲ್ಲಿ ಒಂದಾದರೂ ತಾಲ್ಲೂಕು ಆಸ್ಪತ್ರೆಯ ವಾರ್ಡಿಗೆ ಬರುತ್ತದೆಯೇ ಎಂದು ಕೇಳಿದವರನ್ನು ನಾನು ಕಾಣೆ. ಸೀಟಿನ ಸಂಖ್ಯೆ ಹೆಚ್ಚಿಸುವುದೇ ಮದ್ದಾಗಿದ್ದರೆ 2023ರಲ್ಲಿ ನೀಟ್ ಪಿಜಿಯ ಕಟ್-ಆಫ್ ಅನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿ ಸೀಟು ತುಂಬಿಸುವ ಗತಿ ಬರುತ್ತಿರಲಿಲ್ಲ.

ಕೆಡಿಸಿದ ಇನ್ನೊಂದು ಕೆಲಸವನ್ನು ಎಲ್ಲರೂ ಮರೆತಂತಿದೆ. ಎರಡು ವರ್ಷದ ಡಿಪ್ಲೊಮಾಗಳು ಇದ್ದವು: ಹೆರಿಗೆಗೆ ಡಿಜಿಒ, ಮಕ್ಕಳಿಗೆ ಡಿಸಿಎಚ್, ಅರಿವಳಿಕೆಗೆ ಡಿಎ. ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಗಳನ್ನು ದಶಕಗಳ ಕಾಲ ಹೊತ್ತು ನಿಂತವರು ಬಹುಪಾಲು ಈ ಡಿಪ್ಲೊಮಾ ಡಾಕ್ಟರುಗಳೇ. 2018ರ ಆಸುಪಾಸಿನಲ್ಲಿ ಬೋಧಕರ ಸಂಖ್ಯೆ ಹೆಚ್ಚಿಸುವ ಹೆಸರಿನಲ್ಲಿ ಆ ಸೀಟುಗಳನ್ನು ಎಂಡಿ, ಎಂಎಸ್ ಆಗಿ ಬದಲಾಯಿಸಲಾಯಿತು. ದೊಡ್ಡ ಪದವಿ, ದೊಡ್ಡ ಹೆಸರು. ತಾಲ್ಲೂಕಿನ ಕಡೆಗಿದ್ದ ಹಳೆಯ ಕಾಲುದಾರಿ ಮುಚ್ಚಿತು. ಮುಚ್ಚಿದ್ದು ತಪ್ಪೆಂದು ಬಾಯಿಬಿಟ್ಟು ಹೇಳಲಾರದ ಸರ್ಕಾರವೇ 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಮೂಲಕ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಮತ್ತೆ ತಂದಿತು. ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗ, ಕುಟುಂಬ ವೈದ್ಯಕೀಯ ಎಲ್ಲವೂ ಅದರಲ್ಲಿವೆ. ಅದಕ್ಕೆ ಮೆಡಿಕಲ್ ಕಾಲೇಜೇ ಆಗಬೇಕೆಂದಿಲ್ಲ, ಆಸ್ಪತ್ರೆ ಸಾಕು. ಚಿತ್ತಾಪುರಕ್ಕೋ ಚಿಂಚೋಳಿಗೋ ಆ ಸೀಟು ತರಲು ಪಟ್ಟು ಹಿಡಿದ ಒಂದು ಅರ್ಜಿಯ ಸುದ್ದಿಯಾದರೂ ಜನರ ಕಿವಿಗೆ ಬಿದ್ದಿದೆಯೇ?

ಈಗ ‘ಗುಣಮಟ್ಟ’ದವರ ಸರದಿ. ತಾಲ್ಲೂಕಿನಲ್ಲಿ ಪಿಜಿ ತರಬೇತಿ ಎಂದರೆ ಇವರ ಮುಖ ಸಪ್ಪಗಾಗುತ್ತದೆ: ಪ್ರಾಧ್ಯಾಪಕರಿಲ್ಲ, ಗ್ರಂಥಾಲಯವಿಲ್ಲ, ಸಂಶೋಧನೆಯಿಲ್ಲ, ಅಂಥ ಊರಲ್ಲಿ ಏನು ಕಲಿಸುತ್ತೀರಿ? ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ: ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗಳು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಸಾವಿರ ವರ್ಷದ ಹಿಂದೆ ವಿದ್ಯೆ ಕಲಿಸಲು ಯೋಗ್ಯವಾಗಿದ್ದ ಊರು, ಸಿಮೆಂಟ್ ಕಾರ್ಖಾನೆಗಳೂ ರೈಲ್ವೆ ಜಂಕ್ಷನ್ನೂ ಬಂದ ಮೇಲೆ ಅಯೋಗ್ಯವಾಯಿತೇ? ಎಸಿಸಿ ಸಿಮೆಂಟಿಗೆ ವಾಡಿ ಬೇಕು, ದೇಶದ ಎಷ್ಟೋ ಮನೆಗಳ ನೆಲಹಾಸಿಗೆ ಶಹಾಬಾದಿನ ಕಲ್ಲು ಬೇಕು. ಪಾಠಕ್ಕೆ ಮಾತ್ರ ಈ ನೆಲ ಬೇಡ.

ಗುಣಮಟ್ಟದ ಹೆಸರಿನಲ್ಲಿ ವೈದ್ಯಕೀಯ ಆಯೋಗ ಮಾಡಿದ ಲೆಕ್ಕಾಚಾರವನ್ನೂ ನೋಡಿ. 2025ರ ಬೋಧಕರ ಅರ್ಹತಾ ನಿಯಮಾವಳಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು: ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ತಜ್ಞರು ಸಹ ಪ್ರಾಧ್ಯಾಪಕರಾಗಬಹುದು, ಇಬ್ಬರು ಬೋಧಕರಿದ್ದರೆ ಎರಡು ಸೀಟಿನೊಂದಿಗೆ ಪಿಜಿ ಕೋರ್ಸ್ ಶುರು ಮಾಡಬಹುದು. ಎಲ್ಲ ಸರಿ, ಆದರೆ ಆಸ್ಪತ್ರೆಗೆ 220 ಹಾಸಿಗೆ ಇರಬೇಕು. ನೂರು ಹಾಸಿಗೆಯ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನಡುರಾತ್ರಿ ಹೆರಿಗೆ ಮಾಡಿಸಿದ ತಜ್ಞೆ ಗುರುವಲ್ಲ! ಅವರ ಕೈಕೆಳಗೆ ಒಬ್ಬ ಪಿಜಿ ಒಂದು ವರ್ಷ ನಿಂತರೆ ಕಲಿಯುವುದು ಕಡಿಮೆಯೋ, ಎಂಟು ಮಂದಿ ಪಿಜಿಗಳು ಒಂದು ಸಿಜೇರಿಯನ್ನಿಗೆ ಸರದಿ ಕಾಯುವ ದೊಡ್ಡ ಆಸ್ಪತ್ರೆಯಲ್ಲಿ ಕಲಿಯುವುದು ಕಡಿಮೆಯೋ? ಹಾಸಿಗೆ ಎಣಿಸುವ ಆಯೋಗ ಹೆರಿಗೆಗಳನ್ನು ಎಣಿಸಲಿ, ಶಸ್ತ್ರಚಿಕಿತ್ಸೆಗಳನ್ನು ಎಣಿಸಲಿ, ಗುರುವಿನ ಪಕ್ಕದಲ್ಲಿ ನಿಂತ ಗಂಟೆಗಳನ್ನು ಎಣಿಸಲಿ.

ಹೊರಗಿನವರು ಇದನ್ನು ಎಂದೋ ಕಂಡುಕೊಂಡರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ತಜ್ಞರಾಗಲಿರುವವರು ದೊಡ್ಡ ಬೋಧನಾ ಆಸ್ಪತ್ರೆಗೂ ಜಿಲ್ಲಾ ಮಟ್ಟದ ಸಾಮಾನ್ಯ ಆಸ್ಪತ್ರೆಗೂ ಸರದಿಯಂತೆ ತಿರುಗುತ್ತಾರೆ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರತಿವರ್ಷ ತರಬೇತಿ ಪಡೆಯುವವರನ್ನೇ ಕೇಳುತ್ತದೆ, ನಿನಗೆ ಸರಿಯಾಗಿ ಕಲಿಸುತ್ತಿದ್ದಾರೆಯೇ ಎಂದು. ಎನ್‌ಎಚ್‌ಎಸ್‌ಗೂ ಬೇಕಾದಷ್ಟು ರೋಗಗಳಿವೆ, ಆ ಮಾತು ಬೇರೆ. ಜಪಾನಿನಲ್ಲಿ 1972ರಲ್ಲಿ ಹುಟ್ಟಿದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಪ್ರತಿ ಪ್ರಾಂತದಿಂದ ವಿದ್ಯಾರ್ಥಿಗಳನ್ನು ಆರಿಸಿ, ಶುಲ್ಕದ ಹೊರೆ ಹೊತ್ತು, ಅವರು ತಮ್ಮ ಪ್ರಾಂತಕ್ಕೇ ಮರಳಿ ಒಂಬತ್ತು ವರ್ಷ ದುಡಿಯುವಂತೆ ಕಟ್ಟಿದೆ. ಉನ್ನತ ತರಬೇತಿಯೂ ಆ ಒಂಬತ್ತು ವರ್ಷಗಳ ಒಳಗೇ ಸೇರಿದೆ. ಹಳ್ಳಿ ಹಿನ್ನೆಲೆಯವರನ್ನು ಆರಿಸಿ, ಹಳ್ಳಿಗಾಡಿನಲ್ಲೇ ತರಬೇತಿ ಕೊಡಿ, ಉಳಿಯುವ ಸಂಭವ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿತು, 2021ರಲ್ಲಿ ಮತ್ತೆ ಹೇಳಿತು.

ಆರಿಸುವ ವಿಷಯದಲ್ಲಿ ನಮಗೆ ಜಪಾನಿಗಿಂತ ಗಟ್ಟಿಯಾದ ಆಯುಧವಿದೆ. 371(ಜೆ) ವಿಧಿ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನ ಮಕ್ಕಳಿಗೆ. ಚಿಂಚೋಳಿಯ ಶಾಲಾ ಮಾಸ್ತರರ ಮಗಳು, ವಾಡಿಯ ರೈಲ್ವೆ ನೌಕರನ ಮಗ ಡಾಕ್ಟರಾಗಲು ಇದರಿಂದ ದಾರಿಯಾಗಿದೆ. ಅವರಿಗೂ ಪಿಜಿ ಮಾಡುವಾಗ ತಮ್ಮ ಊರಿನ ಆಸ್ಪತ್ರೆ ಕಾಣಿಸುವುದಿಲ್ಲ. ಮೀಸಲಾತಿ ಸೀಟು ಕೊಟ್ಟಿತು, ಊರಿಗೆ ಮರಳುವ ಮೆಟ್ಟಿಲು ಕಟ್ಟಲಿಲ್ಲ. ಸೇವೆಯಲ್ಲಿರುವ ಪಿಎಚ್‌ಸಿ ವೈದ್ಯರ ಕತೆ ಇನ್ನೂ ವಿಚಿತ್ರ. ಅವರಿಗೆ ಪಿಜಿಯಲ್ಲಿ ಕೋಟಾ ಕೊಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ಕೋಟಾದಲ್ಲಿ ಹೋದವರು ಮೂರು ವರ್ಷ ಊರು ಬಿಡಬೇಕು, ಅವರ ಕುರ್ಚಿ ಖಾಲಿ. ಅವರು ತಮ್ಮದೇ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಅರ್ಧ ಕಾಲವಾದರೂ ಕಲಿತರೆ ಆಸ್ಪತ್ರೆಯೂ ನಡೆಯುತ್ತದೆ, ತಜ್ಞರೂ ಸಿಗುತ್ತಾರೆ. ಎಂಬಿಬಿಎಸ್ ವೈದ್ಯರಿಗೇ 18 ವಾರ ಪಾಠ ಹೇಳಿ ತುರ್ತು ಹೆರಿಗೆಗೆ ಅರಿವಳಿಕೆ ಕೊಡಿಸುವ ಯೋಜನೆಯನ್ನು ಗ್ರಾಮೀಣ ಆರೋಗ್ಯ ಅಭಿಯಾನ ನಡೆಸಿಲ್ಲವೇ? ಹದಿನೆಂಟು ವಾರಕ್ಕೆ ನಂಬಿಕೆ ಇದ್ದವರಿಗೆ ಮೂರು ವರ್ಷಕ್ಕೆ ಯಾಕೆ ಅನುಮಾನ?

ಉತ್ತರ ಸರಳ, ಕಹಿ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದು, ಮೆಡಿಕಲ್ ಕಾಲೇಜು ವೈದ್ಯಕೀಯ ಶಿಕ್ಷಣ ಇಲಾಖೆಯದು. ಇಬ್ಬರು ಮಂತ್ರಿಗಳು, ಇಬ್ಬರು ಕಾರ್ಯದರ್ಶಿಗಳು, ಎರಡು ಕಡತ. ಶಿಕ್ಷಣ ಇಲಾಖೆಗೆ ಸೀಟಿನ ಚಿಂತೆ, ಆರೋಗ್ಯ ಇಲಾಖೆಗೆ ಹುದ್ದೆಯ ಚಿಂತೆ. ಸೀಟೇ ಹುದ್ದೆಯಾಗುತ್ತದೆ ಎಂಬ ಚಿಂತೆ ಯಾರ ಪಾಲಿಗೂ ಬಂದಿಲ್ಲ. ಕೈಯಲ್ಲಿರುವ ನಾಲ್ವರು ತಜ್ಞರನ್ನು ಇಲ್ಲಿಂದ ತೆಗೆದು ಅಲ್ಲಿಗೆ ಹಾಕುವುದೇ ಸುಧಾರಣೆ. ಇನ್ನೂ ಸಾಲದಿದ್ದರೆ ಗುತ್ತಿಗೆ ಸಂಬಳದ ಹರಾಜು.

ಪಿಜಿಗಳನ್ನು ತಾಲ್ಲೂಕಿಗೆ ಕಳಿಸಿದರೆ ಅಗ್ಗದ ಕೂಲಿಗಳಾಗಿ ಬಳಸಿಕೊಳ್ಳುತ್ತಾರೆ ಎಂಬ ಕಾಳಜಿ ಕೇಳಿಬರುತ್ತದೆ. ಈಗ ಅವರನ್ನು ಏನಾಗಿ ಬಳಸುತ್ತಿದ್ದೀರಿ? ವಾರಕ್ಕೆ 48 ಗಂಟೆ ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆ 1992ರಲ್ಲಿ ಹೇಳಿತ್ತು. 2024ರಲ್ಲಿ ಆಯೋಗದ್ದೇ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಕೊಡಿ ಎಂದು ಬೇಡಿಕೊಂಡಿತು. ಮೂವತ್ತೆರಡು ವರ್ಷದಲ್ಲಿ ನಾವು ಕಂಡ ಪ್ರಗತಿ ಇದು! ನಗರದ ದೊಡ್ಡ ಆಸ್ಪತ್ರೆಗಳು ನಡೆಯುತ್ತಿರುವುದೇ ಈ ಮಕ್ಕಳ ನಿದ್ದೆಗೆಟ್ಟ ಕಣ್ಣುಗಳ ಮೇಲೆ. ಪಿಜಿ ತಾಲ್ಲೂಕಿಗೆ ಹೋದರೆ ಕಾಲೇಜಿನ ವಾರ್ಡು ನೋಡುವವರಾರು ಎಂಬ ದಿಗಿಲೇ ಈ ಕಾಳಜಿಯ ಒಳಗುಟ್ಟು.

ಹಾಗೆಂದು ಬಸ್ ಚೀಟಿ ಕೈಗಿತ್ತು ಕಳಿಸಿಬಿಡಿ ಎಂದಲ್ಲ. ಇರಲು ಕ್ವಾರ್ಟರ್ಸ್ ಬೇಕು. ರಾತ್ರಿ ಡ್ಯೂಟಿಯ ಹೆಣ್ಣುಮಕ್ಕಳಿಗೆ ಬೀಗ ಬೀಳುವ ಕೋಣೆ, ಕಾವಲು ಬೇಕು. 2024ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಡ್ಯೂಟಿಯಲ್ಲಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದದ್ದು ಮೆಡಿಕಲ್ ಕಾಲೇಜಿನ ಒಳಗೇ ಎಂಬುದನ್ನು ನೆನಪಿಡಿ. ಸ್ಟೈಪೆಂಡ್ ತಿಂಗಳು ತಿಂಗಳು ಬರಬೇಕು, ಜೊತೆಗೆ ತಾಲ್ಲೂಕು ಭತ್ಯೆ. ವಾರಕ್ಕೆ ನಿಗದಿತ ಪಾಠ, ಜಿಮ್ಸ್‌ನಿಂದ ಬರುವ ಗುರು, ಅಂತಿಮ ಪರೀಕ್ಷೆಯಲ್ಲಿ ಅಲ್ಲಿನ ಕೆಲಸಕ್ಕೆ ಅಂಕ. ಕಲಿಸದೆ ದುಡಿಸಿಕೊಂಡ ಆಸ್ಪತ್ರೆಯಿಂದ ಪಿಜಿಗಳನ್ನು ವಾಪಸ್ ಕರೆಸಿಕೊಳ್ಳುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಇರಬೇಕು, ಅದನ್ನು ಅದು ಬಳಸಬೇಕು.

ದುಡ್ಡಿಲ್ಲ ಎನ್ನುವ ಧೈರ್ಯವನ್ನು ದಯವಿಟ್ಟು ಯಾರೂ ಮಾಡಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತದೆ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರನ್ನೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿ ಇಟ್ಟಿತ್ತು. ಆ ಪಟ್ಟಿಯ ಹೆಸರಿನಲ್ಲಿ ಎದ್ದ ಕಟ್ಟಡಗಳಿಗೆ ಲೆಕ್ಕವಿಲ್ಲ. ಶಹಾಬಾದಿನ ಕಾರ್ಮಿಕರಿಗೆಂದು ಕಟ್ಟಿದ ಇಎಸ್‌ಐ ಆಸ್ಪತ್ರೆ ಎಷ್ಟು ಕಾಲ ಪಾಳು ಬಿದ್ದಿತ್ತೆಂದು ಆ ಊರಿನ ಯಾರನ್ನಾದರೂ ಕೇಳಿ. ಕಟ್ಟಡ ಗುತ್ತಿಗೆದಾರನಿಗೆ ಬೇಕು. ರೋಗಿಗೆ ಬೇಕಾದದ್ದು ಕಲಿತ ಕೈ.

ರಾಜಕೀಯ ಬಲವಿಲ್ಲ ಎನ್ನುವುದಂತೂ ನಗೆಪಾಟಲು. ಸೇಡಂ ಶಾಸಕರಾದ ಡಾ. ಶರಣಪ್ರಕಾಶ ಪಾಟೀಲರು ಸ್ವತಃ ವೈದ್ಯರು; 2023ರಲ್ಲಿ ವೈದ್ಯಕೀಯ ಶಿಕ್ಷಣ ಖಾತೆ ಎರಡನೇ ಬಾರಿ ಅವರ ಕೈಗೆ ಬಂತು. ಚಿತ್ತಾಪುರ ಪ್ರಿಯಾಂಕ್ ಖರ್ಗೆಯವರ ಕ್ಷೇತ್ರ, ಅವರು ಜಿಲ್ಲಾ ಉಸ್ತುವಾರಿ ಸಚಿವರು. ಇಷ್ಟು ಯೋಗ ಕೂಡಿಬಂದ ಹೊತ್ತಿನಲ್ಲಿ ಆಗದ ಕೆಲಸ ಇನ್ಯಾವಾಗ ಆದೀತು?

ಆದ್ದರಿಂದ ಈ ಇಬ್ಬರು ಸಚಿವರೂ ಆರೋಗ್ಯ ಸಚಿವರನ್ನು ಜೊತೆಗೆ ಕೂರಿಸಿಕೊಂಡು ಒಂದೇ ಆದೇಶ ಹೊರಡಿಸಲಿ. ಕಲಬುರಗಿಯ ಮೆಡಿಕಲ್ ಕಾಲೇಜುಗಳ ಹೆರಿಗೆ, ಅರಿವಳಿಕೆ, ಮಕ್ಕಳು, ಮೆಡಿಸಿನ್, ಶಸ್ತ್ರಚಿಕಿತ್ಸೆ ವಿಭಾಗಗಳ ಒಂದೊಂದು ಯೂನಿಟ್ ಮುಂದಿನ ಬ್ಯಾಚಿನಿಂದಲೇ ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ಇರಲಿ. ವಾಡಿ ಮತ್ತು ಶಹಾಬಾದ್ ಅವುಗಳ ಸುತ್ತಿನಲ್ಲಿ ಸೇರಲಿ. ಎರಡು ವರ್ಷದ ಡಿಪ್ಲೊಮಾ ಸೀಟುಗಳಿಗೆ ಈ ಮೂರು ಆಸ್ಪತ್ರೆಗಳ ಅರ್ಜಿ ಹೋಗಲಿ. 220 ಹಾಸಿಗೆಯ ಷರತ್ತನ್ನು ಕಿತ್ತುಹಾಕುವಂತೆ ರಾಜ್ಯ ಸರ್ಕಾರವು ರಾಷ್ಟ್ರೀಯ ಆಯೋಗದ ಬೆನ್ನು ಹತ್ತಲಿ. ಜನರೂ ಮುಂದಿನ ಸಭೆಯಲ್ಲಿ ‘ಬರಂಗಿಲ್ರೀ’ ಎಂದವರನ್ನು ಅಲ್ಲಿಗೇ ಬಿಡಬಾರದು. ಕಲಬುರಗಿಯಲ್ಲಿ ಈ ವರ್ಷ ಎಷ್ಟು ಮಂದಿ ಪಿಜಿ ಮಾಡುತ್ತಿದ್ದಾರೆ, ಅವರಲ್ಲಿ ನಮ್ಮ ದವಾಖಾನೆಗೆ ಕಳಿಸಿದ್ದು ಎಷ್ಟು ಮಂದಿಯನ್ನು ಎಂದು ಎದ್ದು ನಿಂತು ಕೇಳಬೇಕು. ಯೂನಿಟ್ಟುಗಳನ್ನು ತಾಲ್ಲೂಕಿಗೆ ಕಳಿಸಲು ಹೊಸ ಕಾಲೇಜು ಬೇಕಿಲ್ಲ, ಹೊಸ ಕಾಯ್ದೆ ಬೇಕಿಲ್ಲ, ಹೊಸ ಸಮಿತಿಯಂತೂ ಬೇಡವೇ ಬೇಡ. ಎರಡು ಇಲಾಖೆಗಳ ಸಹಿ ಸಾಕು.